ಕೇಳ್ರಿ, ಹೇಳ್ತೀವಿ: ಊರ ನೋಟು, ಮುಯ್ಯಾಳು, ಬೀಜದ ಗಡಿಗೆ

ಬೇರೆ ದೇಶದ ಕೆಲವು ಊರುಗಳು ತಮ್ಮದೇ ನೋಟು ಛಾಪಿಸಿ ನಡೆಸಿದ ಸಂಗತಿ ಹಿಂದಿನ ಸಂಚಿಕೆಯಲ್ಲಿ ಬಂದಿತ್ತು. ಅದನ್ನು ಓದಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಪತ್ರ ಬರೆದವರಲ್ಲಿ ಹೆಚ್ಚಿನವರಿಗೆ ನೋಟಿನ ಮೇಲೇ ಕಣ್ಣು. ಆದರೆ ಯಾರು ಯಾರಿಗೆ ಏನು ಕೊಡಬೇಕು ಎಂಬ ಲೆಕ್ಕ ಊರಲ್ಲಿ ನಿಲ್ಲುವ ತನಕ ನೋಟಿಗೆ ಕೆಲಸವೇ ಇಲ್ಲ. ಹಾಗಾಗಿ ಈ ಸಲದ ಉತ್ತರಗಳಲ್ಲಿ ನೋಟಿಗಿಂತ ವಹಿ, ಗಡಿಗೆ, ತಕ್ಕಡಿಯ ಮಾತು ಜಾಸ್ತಿ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ನಮ್ಮ ಬಡಾವಣೆಯ ಹನ್ನೆರಡು ಅಂಗಡಿಯವರು ಸೇರಿ ಹತ್ತು, ಐವತ್ತು, ನೂರರ ಚೀಟಿ ಛಾಪಿಸಿ, ಹನ್ನೆರಡರಲ್ಲಿ ಯಾವ ಅಂಗಡಿಗೆ ಹೋದರೂ ನಡೆಯುವಂತೆ ಮಾಡಬೇಕೆಂದಿದ್ದೇವೆ. ಗಿರಾಕಿಗಳು ದೊಡ್ಡ ಮಾರ್ಟಿಗೂ ಮೊಬೈಲ್ ಆರ್ಡರಿಗೂ ಹೋಗುವುದು ಕಡಿಮೆಯಾಗಲಿ ಎಂದು. ಕಾನೂನಿನ ತೊಡಕಿದೆಯೇ?
– ಕಿರಾಣಿ ವ್ಯಾಪಾರಿ, ಬಳ್ಳಾರಿ

ಉತ್ತರ: ಇದೆ. ಈ ರೂಪದಲ್ಲಂತೂ ಬೇಡ.

ನೋಟು, ನಾಣ್ಯದ ವಿಷಯ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 36ನೇ ಬಾಬ್ತು. ಪಂಚಾಯಿತಿ ಠರಾವು ಮಾಡಿದರೂ ರಾಜ್ಯ ಸರ್ಕಾರ ಹೂಂ ಅಂದರೂ ನಡೆಯುವುದಿಲ್ಲ. ‘ಇದನ್ನು ತಂದವರಿಗೆ ಕೇಳಿದ ಕೂಡಲೇ ಇಷ್ಟು ಹಣ ಕೊಡುತ್ತೇವೆ’ ಎಂಬ ಭರವಸೆಯ ಕಾಗದ ಅಥವಾ ಹುಂಡಿ ಹೊರಡಿಸುವ ಹಕ್ಕು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕಿಗೆ ಮತ್ತು ಕೇಂದ್ರ ಸರ್ಕಾರಕ್ಕೆ ಮಾತ್ರ. ಕಾಗದ ಬಿಟ್ಟು ಲೋಹದ ಬಿಲ್ಲೆ ಮಾಡಿಸೋಣವೆಂದರೆ 2011ರ ನಾಣ್ಯ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ನೋಟನ್ನು ಹೋಲುವ ಕಾಗದ ಛಾಪಿಸುವುದು ಬೇರೆಯೇ ಅಪರಾಧ. ಹನ್ನೆರಡು ಬೇರೆ ಬೇರೆ ಮಾಲೀಕರ ಅಂಗಡಿಗಳಲ್ಲಿ ನಡೆಯುವ, ಮೊದಲೇ ಹಣ ತುಂಬಿ ಪಡೆಯುವ ಚೀಟಿ ಅಂದರೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ಅನುಮತಿ ಕೇಳುವ ಬಾಬತ್ತು.

ತೆರೆದಿರುವ ದಾರಿ ಒಂದಿದೆ. ಒಂದೇ ಸಂಸ್ಥೆ ತನ್ನದೇ ಮಾಲಿಗೆ ಮಾತ್ರ ಕೊಡುವ, ನಗದಾಗಿ ವಾಪಸು ಕೊಡದ ಕೂಪನ್ನಿಗೆ ಆ ಅನುಮತಿ ಬೇಕಿಲ್ಲ. ನಮ್ಮ ಖಾನಾವಳಿಗಳ ತಿಂಗಳ ಊಟದ ಪಾಸು ಇದೇ ಜಾತಿಯದು. ಹಾಗಾಗಿ ಹನ್ನೆರಡು ಅಂಗಡಿಯವರು 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆಯಡಿ ಒಂದು ಸಂಘ ಕಟ್ಟಿ, ಜೋಳದ ಹಿಟ್ಟು, ಶೇಂಗಾ ಎಣ್ಣೆ, ಖಾರದಪುಡಿಯಂಥ ನಾಲ್ಕಾರು ಮಾಲನ್ನು ಸಂಘದ ಹೆಸರಿನಲ್ಲೇ ಖರೀದಿಸಿ, ಸಂಘದ ಬಿಲ್ಲಿನಲ್ಲೇ ಮಾರಿ, ಅವಕ್ಕಷ್ಟೇ ಕೂಪನ್ ಕೊಡಬಹುದು. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿದೆ. ಈ ಭಾಗಕ್ಕೆ ಸಂಘ ಹೊಸದಲ್ಲ.

ಕೂಪನ್ನಿನ ಮೇಲೆ ರೂಪಾಯಿ ಬರೆಯುವ ಬದಲು ‘1 ಕೆಜಿ ಜೋಳದ ಹಿಟ್ಟು’ ಎಂದು ಬರೆಯಿರಿ. ಕ್ರಮಸಂಖ್ಯೆ, ಪಡೆದವರ ಹೆಸರು, ಮುಗಿಯುವ ತಾರೀಖು, ಸಂಘದಲ್ಲಿ ಉಳಿಯುವ ಅರ್ಧಚೀಟಿ, ಈ ನಾಲ್ಕೂ ಇರಲಿ. ಮುದ್ದತು ಮೂರು ತಿಂಗಳಿಗಿಂತ ಹೆಚ್ಚು ಬೇಡ. ಜೋಳದ ಧಾರಣೆ ಏರಿದರೆ ಹಳೆಯ ಕೂಪನ್ನಿನ ನಷ್ಟ ಸಂಘದ ತಲೆಗೇ ಬರುತ್ತದೆ. ಹೊರಗಿರುವ ಕೂಪನ್ನುಗಳ ಒಟ್ಟು ತೂಕ ಗೋದಾಮಿನಲ್ಲಿರುವ ದಾಸ್ತಾನನ್ನು ಯಾವತ್ತೂ ಮೀರಬಾರದು. ಮುಂಗಡ ಕೊಟ್ಟವರಿಗೆ ಬಡ್ಡಿಯ ಆಸೆ ತೋರಿಸಿದಿರೋ, 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಗೆ ಸಿಕ್ಕಿಬೀಳುತ್ತೀರಿ. ಇನ್ನು, ಮಾಲಿಗೆ ಮಾಲು ಕೊಟ್ಟರೆ ಜಿಎಸ್‌ಟಿ ಇಲ್ಲ ಎಂದು ಹೇಳುವವರಿದ್ದಾರೆ. ತಪ್ಪು. ವ್ಯಾಪಾರದಲ್ಲಿ ಅದಲು ಬದಲು ಕೂಡ ಆ ಕಾಯ್ದೆಯ ಕಣ್ಣಿನಲ್ಲಿ ಮಾರಾಟವೇ.

ಪ್ರಶ್ನೆ: ಊರ ನೋಟಿನ ಪ್ರಯೋಗಗಳಲ್ಲಿ ಎಷ್ಟು ಬದುಕಿವೆ? ಸತ್ತವು ಯಾಕೆ ಸತ್ತವು? ತರಗತಿಯಲ್ಲಿ ಹೇಳಲು ಬೇಕಿದೆ.
– ಅರ್ಥಶಾಸ್ತ್ರ ಉಪನ್ಯಾಸಕರು, ಕೊಪ್ಪಳ

ಉತ್ತರ: ಸತ್ತವೇ ಹೆಚ್ಚು. ಆದರೆ ಒಂದೊಂದಕ್ಕೂ ಬಂದ ಕಾಯಿಲೆ ಬೇರೆ.

ಎಲ್ಲರೂ ಹೆಸರು ಹೇಳುವುದು ಆಸ್ಟ್ರಿಯಾದ ವೊರ್ಗ್ಲ್ ಪಟ್ಟಣದ್ದು. 1932ರಲ್ಲಿ ಜಗತ್ತಿನ ಆರ್ಥಿಕ ಮಹಾಕುಸಿತದ ಹೊಡೆತಕ್ಕೆ ಕಾರ್ಖಾನೆ ಮುಚ್ಚಿ, ಕೆಲಸವಿಲ್ಲದವರ ಸಾಲು ಬೆಳೆದಿತ್ತು. ಪುರಸಭೆಗೆ ತೆರಿಗೆಯೂ ಬರುತ್ತಿರಲಿಲ್ಲ. ಮೇಯರ್ ಮಿಖಾಯೆಲ್ ಉಂಟರ್‌ಗುಗೆನ್‌ಬರ್ಗರ್ 1, 5, 10 ಷಿಲಿಂಗಿನ ‘ಕೆಲಸದ ಪತ್ರ’ ಛಾಪಿಸಿ, ರಸ್ತೆ, ಸೇತುವೆ ಕೆಲಸಕ್ಕೆ ಬಂದವರ ಕೂಲಿಯನ್ನು ಅದರಲ್ಲಿ ಕೊಟ್ಟರು. ಪತ್ರಗಳ ಬೆನ್ನಿಗೆ ಬ್ಯಾಂಕಿನಲ್ಲಿ ನಿಜವಾದ ಷಿಲಿಂಗ್ ಇಟ್ಟಿದ್ದರು. ಚಮತ್ಕಾರವಿದ್ದದ್ದು ತಿಂಗಳ ಮುದ್ರೆಯಲ್ಲಿ: ಪತ್ರ ಯಾರ ಕೈಯಲ್ಲಿದೆಯೋ ಅವರು ತಿಂಗಳಿಗೆ ಶೇ. 1ರ ಬೆಲೆಯ ಚೀಟಿ ಕೊಂಡು ಅಂಟಿಸಬೇಕು, ಇಲ್ಲದಿದ್ದರೆ ಅದು ನಡೆಯದು. ಇಟ್ಟುಕೊಂಡರೆ ಕರಗುವ ಹಣವನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೇಗ ಖರ್ಚು ಮಾಡಿದರು, ಬಾಕಿ ತೆರಿಗೆ ಕಟ್ಟಿದರು, ಕೆಲವರು ಮುಂದಿನದನ್ನೂ ಕಟ್ಟಿದರು. ಸುತ್ತಲ ಊರುಗಳು ತಾವೂ ಮಾಡುತ್ತೇವೆಂದು ಹೊರಟಾಗ ಆಸ್ಟ್ರಿಯಾದ ಕೇಂದ್ರ ಬ್ಯಾಂಕ್ 1933ರಲ್ಲಿ ನಿಲ್ಲಿಸಿತು. ಅಂದರೆ ವೊರ್ಗ್ಲ್ ಪ್ರಯೋಗ ಸೋತು ಬಿದ್ದದ್ದಲ್ಲ.

ಅರ್ಜೆಂಟೀನಾದ ಕಥೆ ಉಲ್ಟಾ. 1995ರಲ್ಲಿ ಬ್ಯೂನಸ್ ಐರಿಸ್ ಬಳಿಯ ಬೆರ್ನಾಲ್‌ನಲ್ಲಿ ಶುರುವಾದ ವಿನಿಮಯ ಕೂಟಗಳು 2001ರ ಆರ್ಥಿಕ ಕುಸಿತದ ಹೊತ್ತಿಗೆ ಲಕ್ಷಾಂತರ ಜನರನ್ನು ಹಿಡಿದಿದ್ದವು. ಒಂದೊಂದು ಕೂಟವೂ ತನಗೆ ಬೇಕಾದಷ್ಟು ಚೀಟಿ ಛಾಪಿಸಿತು. ಖೊಟ್ಟಿ ಚೀಟಿಯೂ ಸೇರಿತು. ಹಳೆಬಟ್ಟೆ, ಕೈಕೆಲಸ ಬೇಕಾದಷ್ಟಿದ್ದರೂ ಹಿಟ್ಟು, ಎಣ್ಣೆ, ಸಕ್ಕರೆ ಕೂಟದೊಳಕ್ಕೆ ಬರಲಿಲ್ಲ. 2002ರಲ್ಲಿ ಮಡಿಚಿಕೊಂಡಿತು. ಊರ ನೋಟಿನ ಬಗ್ಗೆ ಒಂದೇ ಪಾಠ ಹೇಳಬೇಕಿದ್ದರೆ ವೊರ್ಗ್ಲ್‌ಗಿಂತ ಇದನ್ನು ಹೇಳಿ: ಹೊಟ್ಟೆಗೆ ಬೇಕಾದ ಮಾಲು ಒಳಗಿಲ್ಲದಿದ್ದರೆ ಚೀಟಿ ಬರೀ ಕಾಗದ.

ಇಂಗ್ಲೆಂಡಿನ ಟಾಟ್ನೆಸ್ 2007ರಲ್ಲಿ ತಂದ ಪೌಂಡ್ 2019ರಲ್ಲಿ ಮುಗಿಯಿತು. ಜನ ಕಾಗದದ ಹಣ ಹಿಡಿಯುವುದನ್ನೇ ಬಿಟ್ಟಿದ್ದರು. ಬ್ರಿಸ್ಟಲ್ಲಿನಲ್ಲಿ 2012ರಲ್ಲಿ ಬಂದ ಊರ ಪೌಂಡಿನಲ್ಲಿ ನಗರದ ತೆರಿಗೆಯನ್ನೂ ಕಟ್ಟಬಹುದಿತ್ತು, ಮೇಯರ್ ತಮ್ಮ ಸಂಬಳವನ್ನೇ ಅದರಲ್ಲಿ ಪಡೆದರು. ಆದರೂ ಅದು ಹತ್ತು ವರ್ಷ ತುಂಬಿಸಲಿಲ್ಲ. ಕೆನ್ಯಾದ ಮೊಂಬಾಸಾದಲ್ಲಿ ‘ಬಾಂಗ್ಲಾದೇಶ’ ಎಂದೇ ಹೆಸರಿರುವ ಕೊಳೆಗೇರಿಯ ಬಾಂಗ್ಲಾ-ಪೆಸಾ 2013ರಲ್ಲಿ ಶುರುವಾದ ಕೂಡಲೇ ಸಂಘಟಕರನ್ನು ಪೊಲೀಸರು ಹಿಡಿದರು. ಕೇಸು ಅದೇ ವರ್ಷ ಬಿದ್ದುಹೋಯಿತು, ಕೆಲಸ ಬೇರೆ ರೂಪದಲ್ಲಿ ಮುಂದುವರಿಯಿತು.

ಬಾಳಿದ್ದರಲ್ಲಿ ಜರ್ಮನಿಯ ಕೀಮ್‌ಗಾವರ್ ಒಂದು. 2003ರಲ್ಲಿ ಶಾಲಾ ಮಕ್ಕಳ ಪ್ರಾಜೆಕ್ಟಾಗಿ ಹುಟ್ಟಿತು. ಯೂರೋಗೆ ಸರಿಸಮ; ವ್ಯಾಪಾರಿ ಮರಳಿ ಯೂರೋ ಮಾಡಿಕೊಳ್ಳಲು ಹೋದರೆ ಶೇ. 5 ಮುರಿಯುತ್ತಾರೆ, ಅದರಲ್ಲಿ ಶೇ. 3 ಊರ ಸಂಘ ಸಂಸ್ಥೆಗಳಿಗೆ. ಇನ್ನೊಂದು ಸ್ವಿಟ್ಜರ್ಲೆಂಡಿನ ವಿರ್, 1934ರಿಂದ ಇದೆ. ಅದರಲ್ಲಿ ನೋಟೇ ಇಲ್ಲ. ಸಣ್ಣ ಉದ್ದಿಮೆಗಳು ಪರಸ್ಪರ ಉದ್ರಿಯನ್ನು ಖಾತೆಯಲ್ಲೇ ತೀರಿಸಿಕೊಳ್ಳುತ್ತವೆ. ಎಲ್ಲಕ್ಕಿಂತ ದೀರ್ಘಾಯುಷಿ ಆ ನೋಟಿಲ್ಲದ ನೋಟೇ ಆಗಿರುವುದನ್ನು ಗಮನಿಸಿ.

ಪ್ರಶ್ನೆ: ವಿಜಯನಗರ ಕಾಲದ ವರಹದ ಹೆಸರಿನಲ್ಲಿ ಆನೆಗೊಂದಿ, ಗಂಗಾವತಿ ಭಾಗಕ್ಕೆ ಒಂದು ಡಿಜಿಟಲ್ ಕ್ರಿಪ್ಟೊ ನಾಣ್ಯ ಮಾಡಿದರೆ ಹೇಗೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಗಂಗಾವತಿ

ಉತ್ತರ: ಹೆಸರು ಚೆಂದ. ಆದರೆ ಕ್ರಿಪ್ಟೊ ವರ್ಗಾವಣೆಯ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ, ಅದೇ ಜುಲೈನಿಂದ ಶೇ. 1 ಟಿಡಿಎಸ್ ಇದೆ. ಬದನೆಕಾಯಿ ಕೊಳ್ಳಲು ಇಷ್ಟು ರಗಳೆ ಯಾರಿಗೆ ಬೇಕು? ಅದೇ ಕೌಶಲವನ್ನು ಮುಂದಿನ ಪ್ರಶ್ನೆಯ ವಹಿಯನ್ನು ಮೊಬೈಲಿನ ಎಕ್ಸೆಲ್ ಹಾಳೆಗೆ ಇಳಿಸಲು ಬಳಸಿ.

ಪ್ರಶ್ನೆ: ನಮ್ಮೂರಾಗ ಮುಯ್ಯಾಳು ಪದ್ಧತಿ ನಿಂತು ಭಾಳ ವರ್ಷ ಆತು. ಈಗ ಆಳು ಸಿಗೂದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸೂದಿಲ್ಲ. ನಲವತ್ತು ಮನಿಯವರು ಮತ್ತ ಸುರು ಮಾಡಬೇಕಂತ ಮಾಡೀವಿ. ಲೆಕ್ಕ ಹೆಂಗ ಇಡೂದು? ಜಗಳ ಆಗಲಾರದಂಗ ಏನು ಮಾಡಬೇಕ್ರಿ?
– ರೈತರು, ಕುಷ್ಟಗಿ ತಾಲ್ಲೂಕು

ಉತ್ತರ: ಈ ಕಂತೆಯಲ್ಲಿ ನಮಗೆ ಹಿಡಿಸಿದ ಪತ್ರ ಇದು. ಹಳೆಯ ಮುಯ್ಯಿ ಎರಡು ಮನೆಗಳ ನಡುವಿನ ನೆನಪಿನ ಲೆಕ್ಕ. ನೀವು ನಮ್ಮ ಹೊಲಕ್ಕೆ ಬಂದರೆ ನಾವು ನಿಮ್ಮ ಹೊಲಕ್ಕೇ ಬರಬೇಕು. ಒಬ್ಬರಿಗೆ ಆಳು ಬೇಕಾದಾಗ ಇನ್ನೊಬ್ಬರಿಗೆ ಬಿಡುವಿಲ್ಲದಿದ್ದರೆ ಅಲ್ಲಿಗೆ ಕಡಿಯಿತು. ನಲವತ್ತು ಮನೆಗೆ ಒಂದೇ ವಹಿ ಇಟ್ಟರೆ ಈ ಗಂಟು ಬಿಚ್ಚುತ್ತದೆ. ನೀವು ದುಡಿದದ್ದು ಒಬ್ಬರಿಗೆ, ಮುಯ್ಯಿ ತೀರಿಸುವವರು ಇನ್ನಾರೋ. 1983ರ ಹೊತ್ತಿಗೆ ಕೆನಡಾದ ಕೊಮೊಕ್ಸ್ ಕಣಿವೆಯಲ್ಲಿ ಮೈಕಲ್ ಲಿಂಟನ್ ಶುರು ಮಾಡಿದ ಲೆಟ್ಸ್ ಎಂಬ ಪದ್ಧತಿಯ ಹೂರಣವೂ ಇಷ್ಟೇ.

ಅಳತೆ ಮೊದಲು. ‘ಒಂದು ದಿನ’ ಅನ್ನಬೇಡಿ. ಹತ್ತು ಗಂಟೆಗೆ ಬಂದವರದೂ ದಿನವೇ ಆಗುತ್ತದೆ. ನಾಲ್ಕು ತಾಸಿಗೆ ಒಂದು ಹೊತ್ತು, ದಿನಕ್ಕೆ ಎರಡು ಹೊತ್ತು ಎಂದಿಡಿ. ಗಂಡಾಳು, ಹೆಣ್ಣಾಳು ಎಂಬ ಭೇದ ಬೇಡ. ಕಳೆ ತೆಗೆಯುವುದಕ್ಕೆ ಕಡಿಮೆ, ಚೀಲ ಹೊರುವುದಕ್ಕೆ ಹೆಚ್ಚು ಎಂದು ದರ ಇಡಲು ಹೋದರೆ ಮೊದಲ ತಿಂಗಳೇ ವಹಿ ಮುಚ್ಚುತ್ತದೆ. ಜೋಡೆತ್ತು ಬಂದರೆ ಆಳಿನ ಜೊತೆಗೆ ಎತ್ತಿಗೆಷ್ಟು ಹೊತ್ತು ಎಂಬುದನ್ನು ಮೊದಲ ಸಭೆಯಲ್ಲೇ ಬರೆದಿಡಿ. ಟ್ರ್ಯಾಕ್ಟರ್ ಬಾಡಿಗೆಯನ್ನು ಇದರಲ್ಲಿ ಬೆರೆಸಬೇಡಿ. ಡೀಸೆಲ್ ಬಂಕಿನವರು ಹೊತ್ತು ತೆಗೆದುಕೊಳ್ಳುವುದಿಲ್ಲ, ಅದು ರೂಪಾಯಿಯಲ್ಲೇ ಇರಲಿ. ಓಡಿಸಿದವರ ಹೊತ್ತು ಮಾತ್ರ ವಹಿಗೆ.

ಉದ್ದ ವಹಿ ಒಂದು, ಮನೆಗೊಂದು ಪುಟ. ತಾರೀಖು, ಯಾರ ಹೊಲ, ಯಾವ ಕೆಲಸ, ಕೊಟ್ಟದ್ದು, ಪಡೆದದ್ದು, ಬಾಕಿ, ಹೀಗೆ ಆರು ಅಂಕಣ. ಜೊತೆಗೆ ಕಾರ್ಬನ್ ಇಟ್ಟು ಬರೆಯುವ ಚೀಟಿ ಪುಸ್ತಕ. ಕೆಲಸ ಮುಗಿದ ಸಂಜೆಯೇ ಹೊಲದವರು ಚೀಟಿ ಬರೆದು, ಇಬ್ಬರೂ ಸಹಿ ಅಥವಾ ಹೆಬ್ಬೆಟ್ಟು ಒತ್ತಬೇಕು. ನಾಳೆ ಬರೆಯೋಣ ಎಂದ ಚೀಟಿಯೇ ಮುಂದೆ ಜಗಳವಾಗುವುದು.

ಎಲ್ಲರೂ ಸೊನ್ನೆಯಿಂದ ಶುರು. ಒಬ್ಬರ ಹೊಲಕ್ಕೆ ಆರು ಮನೆಯವರು ಎರಡೆರಡು ಹೊತ್ತು ಬಂದರೆ ಹೊಲದವರ ಪುಟದಲ್ಲಿ 12 ಕೊಡಬೇಕು. ಆರು ಮನೆಯ ಪುಟಗಳಲ್ಲಿ 2, 2 ಬರಬೇಕು. ತಿಂಗಳ ಕೊನೆಗೆ ನಲವತ್ತೂ ಪುಟದ ‘ಬರಬೇಕು’ ಕೂಡಿಸಿ, ‘ಕೊಡಬೇಕು’ ಕಳೆಯಿರಿ. ಸೊನ್ನೆ ಬರಲೇಬೇಕು. ಬರದಿದ್ದರೆ ಯಾವುದೋ ಚೀಟಿ ಒಂದೇ ಕಡೆ ಏರಿದೆ. ಈ ಲೆಕ್ಕವನ್ನು ಅಮಾವಾಸ್ಯೆಯಂದು ಗುಡಿಕಟ್ಟೆಯಲ್ಲಿ ಗಟ್ಟಿಯಾಗಿ ಓದಿ. ಅವತ್ತು ಹೇಗೂ ಎತ್ತು ಹೂಡುವುದಿಲ್ಲ, ಜನ ಸಿಗುತ್ತಾರೆ.

ಮಿತಿ 20 ಹೊತ್ತು. ಇಪ್ಪತ್ತು ಕೊಡಬೇಕಾದವರು ತೀರಿಸುವ ತನಕ ಆಳು ಕೇಳುವಂತಿಲ್ಲ, ಇದು ಎಲ್ಲರಿಗೂ ಹೊಳೆಯುತ್ತದೆ. ಇಪ್ಪತ್ತು ಬರಬೇಕಾದವರೂ ಮುಂದೆ ಹೋಗಿ ದುಡಿಯಬಾರದು ಎಂಬುದು ಹೊಳೆಯುವುದಿಲ್ಲ. ಹೋಗುತ್ತಲೇ ಇದ್ದರೆ ಅವರ ದುಡಿಮೆ ವಹಿಯಲ್ಲೇ ಹೂತುಹೋಗಿ, ಕೊನೆಗೆ ಊರಿನ ಒಳ್ಳೆಯ ಆಳುಗಳೇ ಬೇಸತ್ತು ಬಿಡುತ್ತಾರೆ.

ಕೆಡುವುದು ಎಲ್ಲಿ? ತೊಗರಿ ಕಟಾವು ಎಲ್ಲರಿಗೂ ಒಂದೇ ವಾರ ಬರುತ್ತದೆ. ನಲವತ್ತು ಮನೆಯೂ ಬರೀ ಮಳೆಯಾಶ್ರಿತ ತೊಗರಿಯವರಾದರೆ ಈ ವಹಿಯಿಂದ ಹೆಚ್ಚು ಉಪಯೋಗವಿಲ್ಲ. ಬೋರ್‌ವೆಲ್‌ನ ದಾಳಿಂಬೆ, ಈರುಳ್ಳಿಯವರನ್ನೂ ಹಿಂಗಾರಿ ಜೋಳದವರನ್ನೂ ಬೆರೆಸಿ, ಬಿತ್ತನೆಯಲ್ಲೇ ವಾರ ವಾರ ಹಿಂದುಮುಂದು ಮಾಡಿಕೊಳ್ಳಿ. ಮತ್ತೊಂದು, ಭೂಮಿ ಇಲ್ಲದವರು ಹೊತ್ತು ಗಳಿಸಿ ಎಲ್ಲಿ ಖರ್ಚು ಮಾಡಬೇಕು? ಅವರಿಗೆ ಮನೆಯ ಮಣ್ಣಿನ ಮಾಳಿಗೆ (ಮೇಲುಮುದ್ದೆ) ದುರಸ್ತಿ, ಗಾಡಿ ಬಾಡಿಗೆ, ಮೇವು, ಜೋಳ ಸಿಗುವಂತೆ ಮಾಡದಿದ್ದರೆ ಇದು ಹೊಲ ಇದ್ದವರಿಗೆ ಬಿಟ್ಟಿ ಆಳು ಹುಡುಕುವ ಸಂಘವಾಗುತ್ತದೆ. ಗುಳೆ ಹೋಗುವವರು ಹೊರಡುವ ಮುನ್ನ ಬಾಕಿ ತೀರಿಸಲಿ, ಅಥವಾ ಬರಬೇಕಾದ್ದನ್ನು ಜೋಳದಲ್ಲಿ ಪಡೆಯಲಿ. ಹದಿನೆಂಟು ತುಂಬದವರ ಹೊತ್ತು ಬರೆಯಬೇಡಿ. ಬುತ್ತಿ ತಮ್ಮದು, ಚಹಾ ಹೊಲದವರದು ಎಂಬಷ್ಟು ಸಣ್ಣ ಮಾತನ್ನೂ ಮೊದಲೇ ಆಡಿಕೊಳ್ಳಿ.

ಯುಗಾದಿಗೆ ಚುಕ್ತಾ. ಉಳಿದ ಹೊತ್ತನ್ನು ಆ ವರ್ಷದ ಊರ ಕೂಲಿಗೆ ಎಷ್ಟು ಜೋಳ ಬರುತ್ತದೋ ಅಷ್ಟು ಅಳೆದು ಕೊಡಿ. ದಿನಗೂಲಿ 320, ಜೋಳ ಕೆಜಿಗೆ 40 ಇದ್ದರೆ ಒಂದು ಹೊತ್ತಿಗೆ 4 ಕೆಜಿ.

ಒಂದು ಎಚ್ಚರಿಕೆ. ಇದನ್ನು ಹಳೆಯ ಆಯಗಾರರ (ಊರ ಕೆಲಸಕ್ಕೆ ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದ ಕಸುಬಿನವರ) ಪದ್ಧತಿ ಮರಳಿ ತಂದಂತೆ ಎಂದು ಭಾಷಣ ಮಾಡುವವರು ಸಿಗುತ್ತಾರೆ. ಆಯದಲ್ಲಿ ಕೆಲಸ ಹುಟ್ಟಿನಿಂದ ಗೊತ್ತಾಗುತ್ತಿತ್ತು, ರಾಶಿಯ ಪಾಲು ಹೊಲದ ಯಜಮಾನನ ಕೈಯಲ್ಲಿತ್ತು. ನಿಮ್ಮ ವಹಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಇಪ್ಪತ್ತೈದು ಮನೆಗಳಿಗೆ ಬಿಳಿಜೋಳ, ತೊಗರಿ, ಸಜ್ಜೆಯ ಬೀಜ ಬ್ಯಾಂಕ್ ಮಾಡಬೇಕು. ಎಷ್ಟು ಬೀಜ, ಹೇಗೆ ಇಡುವುದು?
– ಸಂಘದ ಸದಸ್ಯೆಯರು, ಯಲಬುರ್ಗಾ ತಾಲ್ಲೂಕು

ಉತ್ತರ: ಜೋಳ ಎಕರೆಗೆ 3 ಕೆಜಿ. ಮನೆಗೆ ಎರಡು ಎಕರೆಯಂತೆ 150 ಕೆಜಿ. ಮಳೆ ಕೈಕೊಟ್ಟು ಮರುಬಿತ್ತನೆ ಬಂದರೆ ಎಂದು ಅರ್ಧ ಸೇರಿಸಿ 225 ಕೆಜಿ ಇಡಿ. ತೊಗರಿಗೆ ಎಕರೆಗೆ 5ರಿಂದ 6 ಕೆಜಿ, ಸಜ್ಜೆಗೆ ಒಂದೂವರೆಯಿಂದ 2 ಕೆಜಿ. ಒಂದೇ ಮನೆಯಲ್ಲಿ ಇಡಬೇಡಿ, ಎರಡು ಮನೆಗೆ ಹಂಚಿ.

ತಳಿ ಮಾಲ್ದಂಡಿಯಂಥ ನೆಲೆಗೊಂಡ ಜೋಳವಾಗಲಿ. ಹೈಬ್ರಿಡ್ ಬೇಡ; ಅದರ ಬೀಜದ ಗುಣ ಎರಡನೇ ವರ್ಷ ಒಡೆದು, ಹೊಲದಲ್ಲಿ ಗಿಡ ಮೇಲೆ ಕೆಳಗೆ ಆಗುತ್ತದೆ. ಬಿಟಿ ಹತ್ತಿಗೂ ಇದೇ ಮಾತು. ಜೋಳ ಬಹುಪಾಲು ತನ್ನ ಪರಾಗದಲ್ಲೇ ಕಟ್ಟುವುದರಿಂದ ಸುಲಭ. ತೊಗರಿಯನ್ನು ಜೇನುಹುಳ ಬೆರೆಸಿಬಿಡುತ್ತದೆ. ಬೇರೆ ತಳಿಯ ತೊಗರಿ 200 ಮೀಟರ್ ದೂರವಿರಲಿ. ಸಜ್ಜೆ ಗಾಳಿಯಲ್ಲಿ ಬೆರೆಯುತ್ತದೆ. ಹೊಲದ ಅಂಚು ಬಿಟ್ಟು ನಡುವಿನಿಂದ ನೂರಕ್ಕೂ ಹೆಚ್ಚು ಗಿಡಗಳ ತೆನೆ ಆರಿಸಿ. ನಾಲ್ಕೈದು ದಪ್ಪ ತೆನೆ ಮಾತ್ರ ಆರಿಸಿದರೆ ಕೆಲವೇ ವರ್ಷಗಳಲ್ಲಿ ತಳಿ ಬಡವಾಗುತ್ತದೆ. ಆಯ್ಕೆ ರಾಶಿಯಲ್ಲಲ್ಲ, ನಿಂತ ಬೆಳೆಯಲ್ಲಿ.

ಒಣಗಿಸುವುದು ತಾಡಪಾಲಿನ ಮೇಲೆ, ತೆಳ್ಳಗೆ ಹರವಿ. ಡಾಂಬರು ರಸ್ತೆ ಬೇಡ, ಮಧ್ಯಾಹ್ನದ ಕಾವಿಗೆ ಮೊಳಕೆಯೇ ಬೆಂದುಹೋಗುತ್ತದೆ. ತೇವ ನೋಡಲು ಒಣ ಗಾಜಿನ ಬಾಟಲಿಗೆ ಮೂರರಲ್ಲೊಂದು ಭಾಗ ಕಾಳು, ಎರಡು ಚಮಚ ಹುರಿದು ಆರಿಸಿದ ಉಪ್ಪು ಹಾಕಿ ಒಂದು ನಿಮಿಷ ಕುಲುಕಿ, ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚು. ಅಂಟದಿದ್ದರೂ ಕೆಲಸ ಮುಗಿಯಲಿಲ್ಲ, ಬೀಜಕ್ಕೆ ಶೇ. 10ರ ಒಳಗೆ ಬೇಕು. ಹಲ್ಲಿನಲ್ಲಿ ಕಡಿದರೆ ‘ಕಟ್’ ಎಂದು ಒಡೆಯುವ ತನಕ ಇನ್ನೂ ಎರಡು ಬಿಸಿಲು ಕೊಡಿ. ಬಿಸಿ ಇರುವಾಗಲೇ ಡ್ರಮ್ಮಿಗೆ ತುಂಬುವುದು ಎಲ್ಲರೂ ಮಾಡುವ ತಪ್ಪು. ರಾತ್ರಿ ಡ್ರಮ್ಮಿನ ಒಳಗೋಡೆ ಬೆವರಿ ಮೇಲಿನ ಪದರಕ್ಕೆ ಬೂಷ್ಟು ಹಿಡಿಯುತ್ತದೆ. ಸಂಜೆ ನೆರಳಲ್ಲಿ ಆರಿಸಿ, ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ. ತೊಗರಿಯ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ; ಕೆಜಿಗೆ 5 ಮಿ.ಲೀ. ಎಣ್ಣೆ ಸವರಿ ಇಡಿ. ಜೋಳಕ್ಕೆ ಕಾಡಿಗೆ ರೋಗ ಬರುವ ಹೊಲವಿದ್ದರೆ ಬಿತ್ತುವ ಮುಂಚೆ ಕೆಜಿಗೆ 4 ಗ್ರಾಂ ಗಂಧಕದ ಪುಡಿ ಬೆರೆಸಿ, ಆ ಬೀಜ ಮತ್ತೆ ರೊಟ್ಟಿಗೆ ಹೋಗದಂತೆ ನೋಡಿಕೊಳ್ಳಿ.

ಕೊಡುವ ಮುನ್ನ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ತಟ್ಟು ಒಣಗದಂತೆ ನೀರು ಚಿಮುಕಿಸಿ, ಹತ್ತನೇ ದಿನ ಎಣಿಸಿ. 75 ಮೊಳೆತರೆ ಸರಿ. 60 ಬಂದರೆ ಎಕರೆಗೆ 3 ಕೆಜಿ ಬದಲು 3.75 ಕೆಜಿ ಕೊಡಿ. 50ಕ್ಕಿಂತ ಕಡಿಮೆಯಾದರೆ ಬೀಸಿ ರೊಟ್ಟಿ ಮಾಡಿ.

ಮರಳಿ ಪಡೆಯುವುದು ಸವಾಯಿ: 4 ಕೆಜಿ ಒಯ್ದವರು 5 ಕೆಜಿ ತರಬೇಕು. ಮೋಸ ಆಗುವುದು ಇಲ್ಲೇ. ಚೆಲೋ ಬೀಜ ಒಯ್ದು ಸಂತೆಯ ಜೋಳ ತಂದು ಸುರಿಯುತ್ತಾರೆ. ತೆನೆ ನಿಂತಿರುವಾಗಲೇ ಇಬ್ಬರು ಸದಸ್ಯೆಯರು ಹೊಲಕ್ಕೆ ಹೋಗಿ ಬೀಜದ ಸಾಲಿಗೆ ಗುರುತು ಹಾಕಿ ಬರಲಿ. ಬರ ಬಿದ್ದ ವರ್ಷ ಸವಾಯಿ ಬಿಡಿ, ಅಸಲನ್ನು ಮುಂದಿನ ಸುಗ್ಗಿಗೆ ತಳ್ಳಿ.

ಕಂಪನಿಯವರು ಕೇಸು ಹಾಕುತ್ತಾರೆ ಎಂಬ ಹೆದರಿಕೆ ಬೇಡ. 2001ರ ಸಸ್ಯತಳಿ ಕಾಯ್ದೆಯ 39ನೇ ಕಲಮು ರೈತರಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ರಕ್ಷಿತ ತಳಿಯನ್ನು ಬ್ರ್ಯಾಂಡ್ ಚೀಟಿ ಹಚ್ಚಿ ಮಾರುವಂತಿಲ್ಲ, ಅಷ್ಟೇ.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಗೆ ಘಟಕ. ವಾಷಿಂಗಿನವರಿಗೆ ನಾವು ಬಾಕಿ, ನಮಗೆ ಇನ್ನೊಬ್ಬರು ಬಾಕಿ. ಎಲ್ಲರ ಹತ್ತಿರವೂ ಕೆಲಸವಿದೆ, ಯಾರ ಹತ್ತಿರವೂ ನಗದಿಲ್ಲ. ವಿರ್‌ನಂಥದ್ದು ಇಲ್ಲಿ ಸಾಧ್ಯವೇ?
– ಬಳ್ಳಾರಿ

ಉತ್ತರ: ವಿರ್ ಬ್ಯಾಂಕು, ಅದನ್ನು ಬಿಡಿ. ಬಾಕಿ ಕಡಿತದ ಕೂಟ ಮಾಡಿಕೊಳ್ಳಿ. ಹೊಲಿಗೆಯವರು ವಾಷಿಂಗಿಗೆ 40,000 ಕೊಡಬೇಕು, ವಾಷಿಂಗಿನವರು ಗುಂಡಿ-ಜಿಪ್ಪು ಅಂಗಡಿಗೆ 30,000, ಆ ಅಂಗಡಿಯವರು ಹೊಲಿಗೆಯವರಿಗೆ 25,000 ಕೊಡಬೇಕು ಎನ್ನಿ. ಸುತ್ತಿನಲ್ಲಿ ಅತಿ ಸಣ್ಣದಾದ 25,000ವನ್ನು ಮೂರೂ ಕಡೆ ಕಳೆಯಿರಿ. ಉಳಿಯುವುದು ಹೊಲಿಗೆಯಿಂದ ವಾಷಿಂಗಿಗೆ 15,000, ವಾಷಿಂಗಿನಿಂದ ಅಂಗಡಿಗೆ 5,000. ಒಟ್ಟು 95,000ದ ಬಾಕಿ 20,000 ನಗದಿನಲ್ಲಿ ಮುಗಿಯಿತು.

ತಿಂಗಳ 5ರೊಳಗೆ ಪ್ರತಿಯೊಬ್ಬರೂ ತಾವು ಕೊಡಬೇಕಾದವರ ಪಟ್ಟಿಯನ್ನು ಮಾತ್ರ ಕೊಡಲಿ. ಬರಬೇಕಾದವರ ಪಟ್ಟಿಯನ್ನೂ ಕೇಳಿದರೆ ಎರಡೂ ಕಡೆಯ ಅಂಕಿ ಹೊಂದುವುದೇ ಇಲ್ಲ. ಸಾಲಗಾರ ಒಪ್ಪಿದ ಅಂಕಿಯೇ ಖಾತ್ರಿ. ಡ್ಯಾಮೇಜು, ಬಣ್ಣ ಬಿಟ್ಟದ್ದು ಎಂದು ತಕರಾರಿರುವ ಬಿಲ್ಲು ಸುತ್ತಿಗೆ ಬರಬಾರದು. ಮೂವರೂ ಸಹಿ ಮಾಡಿದ ಹೊಂದಾಣಿಕೆ ಪತ್ರ ಇರಲಿ. ಬಿಲ್ಲು, ಜಿಎಸ್‌ಟಿ ಎಂದಿನಂತೆ ಪೂರ್ತಿ ಮೊತ್ತಕ್ಕೇ. ನಮೂದು ಹೇಗೆಂದು ನಿಮ್ಮ ಆಡಿಟರಿಗೆ ತೋರಿಸಿ. ಬಟ್ಟೆ ಹೊರ ರಾಜ್ಯದ ಗಿರಣಿಯಿಂದ ಬರುವುದರಿಂದ ಆ ಬಾಕಿ ಮಾತ್ರ ಯಾವ ಸುತ್ತಿಗೂ ಕೂಡುವುದಿಲ್ಲ.

ಪ್ರಶ್ನೆ: ಊರಿನ ದುಡ್ಡು ಎಲ್ಲಿ ಸೋರುತ್ತಿದೆ ಎಂದು ಅಳೆಯುವುದು ಹೇಗೆ?
– ಯುವಕ ಸಂಘ, ಲಿಂಗಸುಗೂರು ತಾಲ್ಲೂಕು

ಉತ್ತರ: ಇಪ್ಪತ್ತು ಮನೆಗೆ ನೋಟ್‌ಬುಕ್ ಕೊಟ್ಟು ನಾಲ್ಕು ವಾರದ ಖರ್ಚು ಬರೆಸಿ. ಪ್ರತಿ ಖರ್ಚಿನ ಮುಂದೆ ಆ ಹಣ ಯಾವ ಊರಿನವರ ಕೈಗೆ ಹೋಯಿತೆಂದು ಬರೆಯಬೇಕು. ಆಮೇಲೆ ಊರೊಳಗಿನ ಆ ಅಂಗಡಿ, ಕಸುಬಿನವರನ್ನೂ ಇದೇ ಪ್ರಶ್ನೆ ಕೇಳಿ. 10,000 ಖರ್ಚಾಗಿ, ಅದರಲ್ಲಿ 6,000 ಊರವರಿಗೆ ಹೋಗಿ, ಅವರು ಅದರಲ್ಲಿ 2,400 ಮತ್ತೆ ಊರಲ್ಲೇ ಖರ್ಚು ಮಾಡಿದರೆ ಮೊತ್ತ 18,400. ಹತ್ತು ಸಾವಿರದಿಂದ ಭಾಗಿಸಿದರೆ 1.84. ಮೂರು ಸುತ್ತಿನ ಈ ಲೆಕ್ಕ ಲಂಡನ್ನಿನ ನ್ಯೂ ಎಕನಾಮಿಕ್ಸ್ ಫೌಂಡೇಶನ್ ರೂಪಿಸಿದ್ದು. ನೆನಪಿಡಿ, ಊರ ಕಿರಾಣಿ ಅಂಗಡಿಯಲ್ಲಿ ಕೊಂಡ ಪಾಮ್ ಎಣ್ಣೆ ಪೊಟ್ಟಣ ಊರ ಖರ್ಚಲ್ಲ. ಅಂಗಡಿಯವರ ಕಮಿಷನ್ ಮಾತ್ರ ಊರದು.

ಹೀಗೆ ಬರೆಸಿದರೆ ಅಡುಗೆ ಎಣ್ಣೆಯ ಸೋರಿಕೆ ಮೊದಲ ವಾರವೇ ಕಣ್ಣಿಗೆ ಬೀಳುತ್ತದೆ. ಅದನ್ನೇ ಹಿಡಿದು, ಊರಲ್ಲೇ ಗಾಣ ಹಾಕಿದರೆ ಹೇಗೆಂದು ಲೆಕ್ಕ ಮಾಡೋಣ. ನಲವತ್ತು ಮನೆ, ಮನೆಗೆ ತಿಂಗಳಿಗೆ ಮೂರೂವರೆ ಲೀಟರ್, ಒಟ್ಟು 140 ಲೀಟರ್, ಅಂದರೆ ಸುಮಾರು 127 ಕೆಜಿ ಎಣ್ಣೆ. ಗಾಣದಲ್ಲಿ ಶೇಂಗಾ ಬೀಜಕ್ಕೆ ನೂರಕ್ಕೆ 40 ಎಣ್ಣೆ ಹಿಡಿದರೆ 318 ಕೆಜಿ ಬೀಜ ಬೇಕು. ಕಾಯಿ ಒಡೆದರೆ ನೂರಕ್ಕೆ 68 ಬೀಜ ಎಂದರೆ ತಿಂಗಳಿಗೆ 468 ಕೆಜಿ, ವರ್ಷಕ್ಕೆ 56 ಕ್ವಿಂಟಲ್ ಕಾಯಿ. ಎಕರೆಗೆ 5 ಕ್ವಿಂಟಲ್ ಬಂದರೂ ಹನ್ನೊಂದು-ಹನ್ನೆರಡು ಎಕರೆ ಸಾಕು.

ಮೊದಲಿಗೆ ಎಣ್ಣೆ ಮಾರಬೇಡಿ, ಅವರವರ ಶೇಂಗಾ ತಂದವರಿಗೆ ಕೂಲಿಗೆ ಹಿಂಡಿಕೊಡಿ. ಮಾರಾಟಕ್ಕೆ ಆಹಾರ ಸುರಕ್ಷತಾ ನೋಂದಣಿ, ಸೀಲು ಮಾಡಿದ ಪೊಟ್ಟಣ ಎಲ್ಲ ಬೇಕಾಗುತ್ತದೆ. ಗಾಣದ ಕೂಲಿಯ ಬದಲು ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಬಿಟ್ಟುಕೊಟ್ಟರೆ ಹೈನು ಮಾಡುವವರು ಅದನ್ನು ಕೊಳ್ಳುತ್ತಾರೆ. ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಬೀಜವನ್ನು ಕೈಯಿಂದಲೇ ಆರಿಸಿ ಎಸೆಯಿರಿ. ಅದರ ಅಫ್ಲಾಟಾಕ್ಸಿನ್ ವಿಷ ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ, ಹಿಂಡಿಯ ಮೂಲಕ ಹಾಲಿಗೂ ಇಳಿಯುತ್ತದೆ. ಎಣ್ಣೆಯನ್ನು ಎರಡು ಮೂರು ದಿನ ಸ್ಟೀಲ್ ಪಾತ್ರೆಯಲ್ಲಿ ತಿಳಿಯಾಗಲು ಬಿಟ್ಟು ಸೋಸಿ, ಬೆಳಕು ತಾಗದಂತೆ ಇಡಿ.

ಪ್ರಶ್ನೆ: ಹತ್ತಿ ಬೆಲೆ ಜಗತ್ತಿನ ಪೇಟೆಯಲ್ಲಿ ನಿರ್ಧಾರ ಆಗುತ್ತದೆ. ಇಂಥ ಗಡಿಗೆ, ವಹಿಯಿಂದ ಜಾಗತೀಕರಣ ಎದುರಿಸುತ್ತೇವೆ ಎನ್ನುವುದು ನಗೆಪಾಟಲಲ್ಲವೇ?
– ಹತ್ತಿ ಬೆಳೆಗಾರ, ಸಿಂಧನೂರು ತಾಲ್ಲೂಕು

ಉತ್ತರ: ಹತ್ತಿ ಬೆಲೆಯ ಮಟ್ಟಿಗೆ ನಿಮ್ಮ ಮಾತು ಸರಿ. ಯಾವ ಊರ ವಹಿಯೂ ಅದನ್ನು ಮುಟ್ಟಲಾರದು. ಬಳ್ಳಾರಿಯ ಅದಿರನ್ನು ನೋಡಿ. ಚೀನಾ ಬೇಡಿಕೆ ಏರಿದಾಗ ಲಾರಿ ಕೊಂಡವರೆಷ್ಟೋ ಜನ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತವು, ಕಂತು ನಿಲ್ಲಲಿಲ್ಲ. ಆ ಏಟನ್ನು ಊರ ಚೀಟಿ ತಡೆಯುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಹೊಡೆತ ಬಿದ್ದ ವರ್ಷ ಮನೆಯಲ್ಲಿ ಜೋಳ, ಮುಂದಿನ ಬಿತ್ತನೆಗೆ ಬೀಜ, ಕಳೆ ತೆಗೆಯಲು ಆಳು, ಈ ಮೂರಕ್ಕೂ ಬಡ್ಡಿ ಸಾಲ ತೆಗೆಯದಂತೆ ನೋಡಿಕೊಳ್ಳಬಹುದು. ಅದರಾಚೆಗೆ ಹೊರಗಿನ ಪೇಟೆ ಬೇಡವೆಂದೂ ಅಲ್ಲ. ಕಿನ್ನಾಳದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ, ಆನೆಗೊಂದಿಯ ಬಾಳೆನಾರಿನ ಬುಟ್ಟಿ ಹೊರಗೆ ಮಾರಿದರೇ ಹಣ. ಎಕರೆಯಷ್ಟೂ ಹತ್ತಿ ಹಾಕುವವರು ಬದುವಿಗಾದರೂ ತೊಗರಿ ಬಿತ್ತಲಿ ಎಂಬಲ್ಲಿಗೆ ನಮ್ಮ ವಾದ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಓಣಿಯಲ್ಲಿ ಹಳೆಯ ಹಗೇವು (ನೆಲದೊಳಗಿನ ಧಾನ್ಯದ ಕಣಜ) ಇದೆ. ಧಾನ್ಯ ಬ್ಯಾಂಕಿನ ಜೋಳ ಅದರಲ್ಲಿ ಇಡಬಹುದೇ?
– ಮಾನ್ವಿ ತಾಲ್ಲೂಕು

ಉತ್ತರ: ಊಟದ ಜೋಳ ಇಡಬಹುದು, ಬೀಜದ್ದು ಬೇಡ. ಮೊದಲು ನಿಮ್ಮ ಓಣಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಗದ್ದೆಗಳ ನಡುವೆ ಇದೆಯೋ ನೋಡಿ. ಇದ್ದರೆ ನೆಲದ ನೀರು ಮೇಲೆ ಬಂದಿರುತ್ತದೆ, ಹಿರಿಯರ ಕಾಲದಲ್ಲಿ ಒಣಗಿದ್ದ ಹಗೇವು ಈಗ ಜಿನುಗುತ್ತದೆ. ಪರೀಕ್ಷೆಗೆ ಒಂದು ಒಣ ಗೋಣಿಚೀಲ ಹಗ್ಗದಲ್ಲಿ ಇಳಿಬಿಟ್ಟು ತಳಕ್ಕೆ ತಾಗಿಸಿ, ಬಾಯಿ ಮುಚ್ಚಿ, ವಾರದ ಮೇಲೆ ಎಳೆಯಿರಿ. ಚೀಲ ತಣ್ಣಗೆ, ಭಾರವಾಗಿ ಬಂದರೆ ಆಸೆ ಬಿಡಿ.

ಒಣಗಿದ್ದರೆ ಒಳಗೆ ಜೋಳದ ಸೊಪ್ಪೆ ಉರಿಸಿ ಕಾಯಿಸಿ, ಬೂದಿ ತೆಗೆದು, ತಳಕ್ಕೂ ಗೋಡೆಗೂ ಗೇಣುದಪ್ಪ ಒಣ ಸೊಪ್ಪೆ ಹಾಸಿ, ಜೋಳ ತುಂಬಿ, ಮೇಲೆ ಸೊಪ್ಪೆ, ಬಂಡೆ, ಮಣ್ಣು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುವುದರಿಂದ ಹುಳು ಸಾಯುತ್ತದೆ.

ಅದೇ ಕಾರಣಕ್ಕೆ ಮನುಷ್ಯರೂ ಸಾಯುತ್ತಾರೆ. ಬಾಯಿ ತೆರೆದ ದಿನ ಇಳಿಯಬೇಡಿ. ಕಾಳು ಬಿಡುವ ಉಸಿರು ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಒಂದು ದಿನ ತೆರೆದಿಟ್ಟು, ಖಾಲಿ ಬಕೆಟ್ಟನ್ನು ಹತ್ತಾರು ಸಲ ಇಳಿಸಿ ಎತ್ತಿ ಗಾಳಿಯಾಡಿಸಿ, ಆಮೇಲೆ ಕಂದೀಲು ಇಳಿಬಿಡಿ. ಆರಿದರೆ ಇನ್ನೊಂದು ದಿನ ಕಾಯಿರಿ. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೆ ಇಬ್ಬರು ಹಗ್ಗ ಹಿಡಿದಿರಬೇಕು. ಒಳಗಿನವರು ಮಾತು ನಿಲ್ಲಿಸಿದರೆ ಹಗ್ಗ ಎಳೆಯಿರಿ. ಎತ್ತಲೆಂದು ಯಾರೂ ಒಳಗೆ ಹಾರಬಾರದು.